ಮೇಕೆ ಕೂತ ಹೆಸರು

ಇಸಿನ್ ಪಟ್ಟಣದ ಮಹಾಜನರೇ! ರೋಗ ಕಳೆಯುವ ಗುಲಾ ತಾಯಿಯ ಗುಡಿಯ ಅಂಗಳ ತುಂಬಿ ನಿಂತಿರುವ ಅಣ್ಣಂದಿರೇ, ಅಕ್ಕಂದಿರೇ! ಕಾಲುವೆಯ ಆಚೆಯಿಂದ ದೋಣಿ ಮಾಡಿಕೊಂಡು ಬಂದವರೇ! ಗೋಡೆ ಹತ್ತಿ ಕುಳಿತ ಮಹಾನುಭಾವರೇ — ದಯವಿಟ್ಟು ಇಳಿಯಿರಿ. ಅಲ್ಲಿಂದ ಬಿದ್ದರೆ ಮೂಳೆ ಕೂಡಿಸುತ್ತಿದ್ದವನು ಇವತ್ತು ಇಲ್ಲ. ಅವನು ಇಲ್ಲ ಎನ್ನುವುದಕ್ಕೇ ನಾವು ಸೇರಿರುವುದು.

ಮುಂದೆ ಚಾಪೆಯ ಮೇಲೆ ಕುಳಿತಿರುವ ಅವನ ಮಡದಿ ನರಾಮ್ತು ಅತ್ತಿಗೆಗೆ ನನ್ನ ನಮಸ್ಕಾರ. ಪಕ್ಕದಲ್ಲಿ ತಲೆ ತಗ್ಗಿಸಿರುವ ಅವನ ಮಗ ಪುಝುರನಿಗೆ ನನ್ನ ಆಶೀರ್ವಾದ. ಗುಡಿಯ ಹಿರಿಯ ಮಂತ್ರವಾದಿ ಇಪ್ಕೂಶರಿಗೆ ನಮಸ್ಕಾರ. ತಾಯಿಯ ಬಾಗಿಲಲ್ಲಿ ಮಲಗಿರುವ ಅವಳ ನಾಯಿಗಳಿಗೂ ನಮಸ್ಕಾರ. ಅವು ಮೊನ್ನೆಯಿಂದ ರೊಟ್ಟಿ ಮೂಸಿ ನೋಡಿಲ್ಲ.

ನನ್ನನ್ನು ನೀವೆಲ್ಲ ಬಲ್ಲಿರಿ. ಶಲ್ಲೂರು. ಈ ಗುಡಿಯಲ್ಲಿ ಸತ್ತವರಿಗಾಗಿ ಅಳುಹಾಡು ಹಾಡುವವನು. ಹಾಲುಹಲ್ಲು ಬೀಳುವ ಮೊದಲೇ ಉತ್ಸವದ ಆಟದಲ್ಲಿ ದಾಮು ದೇವರ ವೇಷ ಕಟ್ಟಿ, ವರ್ಷ ವರ್ಷ ಪಾತಾಳಕ್ಕಿಳಿದು ಸತ್ತವನು. ದನಿ ಒಡೆದ ಮೇಲೆ, ಸತ್ತ ದಾಮುವನ್ನು ಹುಡುಕುವ ತಾಯಿ ಗುಲಾಳ ವೇಷ ಕಟ್ಟಿ, ಬೀದಿ ಬೀದಿಯಲ್ಲಿ ‘ಮಗನೇ!’ ಎಂದು ಎದೆ ಬಡಿದುಕೊಂಡವನು. ನಾನು ಕೂಗಿದರೆ ಆಚೆ ದಡದ ಕತ್ತೆಗಳು ಎದ್ದು ನಿಲ್ಲುತ್ತವೆ ಎಂದು ನೀವೇ ಆಡಿಕೊಳ್ಳುತ್ತೀರಿ. ಇಂಥ ಗಂಟಲಿನವನು — ಇವತ್ತು ಒಂದು ಹೆಸರನ್ನು ಕೂಗುವ ಹಾಗಿಲ್ಲ. ಕೂಗುವುದಿರಲಿ, ಪಿಸುಗುಟ್ಟುವ ಹಾಗೂ ಇಲ್ಲ.

ಯಾಕೆಂದು ಈ ಕೇರಿಯವರಿಗೆ ಗೊತ್ತು. ದೂರದಿಂದ ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಹೇಳುತ್ತೇನೆ. ಹೇಳಿದ ಮೇಲೆ ನಿಮಗೆ ಅರ್ಥವಾಗುತ್ತದೋ ಇಲ್ಲವೋ ಅರಿಯೆ. ಹೇಳುವ ನನಗೇ ಅರ್ಥವಾಗಿಲ್ಲ. ಅಲ್ಲಿಯವರೆಗೆ ಅವನನ್ನು ‘ನಮ್ಮ ವೈದ್ಯ’ ಎನ್ನುತ್ತೇನೆ. ‘ಅವರು’ ಎನ್ನುವುದಿಲ್ಲ. ‘ಅವರು’ ಎಂದರೆ ಅವನೇ ಹಿಂದಿನಿಂದ ಬಂದು ನನ್ನ ಕುತ್ತಿಗೆ ಹಿಡಿದಾನು.

ಇದೇ ಅಂಗಳದ ಆ ಮೂಲೆ — ಅಗೋ, ಸೋರೆ ಬುರುಡೆ, ಎಣ್ಣೆಯ ಮಡಕೆ, ಬಟ್ಟೆಯ ಸುರುಳಿ ಇನ್ನೂ ಹಾಗೇ ಇವೆ — ಅದು ಅವನ ಜಾಗ. ಈ ಕಂಬದ ಬುಡ ನನ್ನದು. ಅವನು ಅಳು ನಿಲ್ಲಿಸುವವನು, ನಾನು ಅಳು ಶುರು ಮಾಡುವವನು. ಅವನ ಕೈಯಿಂದ ಜಾರಿದವರು ನನ್ನ ಗಂಟಲಿಗೆ ಬರುತ್ತಿದ್ದರು. ನೆನಪಿದೆಯೇ, ದೋಣಿಯವನೊಬ್ಬನ ಭುಜದ ಕೀಲು ಕಳಚಿತ್ತಲ್ಲ? ಆಳು ಕೋಣದ ಹಾಗಿದ್ದ. ಕೈ ಮುಟ್ಟಿದರೆ ಊರೇ ಕಿತ್ತು ಹೋಗುವಂತೆ ಅರಚುತ್ತಿದ್ದ. ನಮ್ಮ ವೈದ್ಯ ಅವನ ಕಂಕುಳಲ್ಲಿ ಹೀಗೆ — ಹೀಗೆ — ಹಿಮ್ಮಡಿ ಕೊಟ್ಟು ಕೂತ.

“ಅರಚಪ್ಪಾ, ಚೆನ್ನಾಗಿ ಅರಚು,” ಎಂದ. “ಆದ್ರೆ ಸ್ವಲ್ಪ ರಾಗವಾಗಿ ಅರಚು. ಪಕ್ಕದಲ್ಲೇ ಶಲ್ಲೂರು ಕೂತಿದಾನೆ. ಮುಂದಿನ ಸಾವಿಗೆ ಹಾಡು ಬೇಕಂತೆ ಅವನಿಗೆ.”

ದೋಣಿಯವನು ನಕ್ಕ. ನಕ್ಕ ಆ ಗಳಿಗೆಯಲ್ಲೇ — ಟಕ್! — ಭುಜ ಕೂತಿತು. ಅವನು ಇವತ್ತು ಇಲ್ಲೇ ಎಲ್ಲೋ ನಿಂತಿದ್ದಾನೆ. ಆ ಕೈ ಎತ್ತಪ್ಪಾ. ನೋಡಿರಿ, ಎಷ್ಟು ಎತ್ತರಕ್ಕೆ ಹೋಗುತ್ತದೆ!

ಇಂಥ ನಮ್ಮ ವೈದ್ಯನಿಗೆ ಕೆಲವು ವರ್ಷಗಳ ಹಿಂದೆ ಜ್ವರ ಬಂತು. ನಿಮಗೆಲ್ಲ ಗೊತ್ತಿರುವ ಆ ಜ್ವರ. ತನ್ನ ಮುಲಾಮು ತಾನೇ ಹಚ್ಚಿಕೊಂಡ, ತನ್ನ ಕಷಾಯ ತಾನೇ ಕುಡಿದ. ಇಳಿಯಲಿಲ್ಲ. ಕಣ್ಣು ಮೇಲಕ್ಕೆ ಹೋಗತೊಡಗಿದಾಗ ನರಾಮ್ತು ಅತ್ತಿಗೆ ಇಪ್ಕೂಶರ ಕಾಲಿಗೆ ಬಿದ್ದರು. ಇಪ್ಕೂಶರು, “ಎರೆಶ್ಕಿಗಲ್ ಕಣ್ಣು ಹಾಕ್ಬಿಟ್ಟಿದಾಳಮ್ಮ. ಬರೀ ಕೈಯಲ್ಲಿ ಬಿಡಲ್ಲ ಅವಳು. ಬದಲಿ ಕೊಡ್ಬೇಕು,” ಎಂದರು.

ಬದಲಿ! ಪಾತಾಳದ ಒಡತಿಗೆ ಮನುಷ್ಯನ ಬದಲು ಮೇಕೆಮರಿ. ಸಂಜೆ ಅದನ್ನು ರೋಗಿಯ ಮಗ್ಗುಲಲ್ಲಿ ಮಲಗಿಸಬೇಕು. ಬೆಳಗಾಗುವ ಮೊದಲು ಅವನನ್ನು ಎಬ್ಬಿಸಿ ಹೊರಗೆ ಸಾಗಿಸಬೇಕು. ಅವನ ಗಂಟಲಿಗೆ ಮರದ ಚೂರಿ ಸುಮ್ಮನೆ ಮುಟ್ಟಿಸಬೇಕು, ಮರಿಯ ಗಂಟಲನ್ನು ಕಂಚಿನ ಚೂರಿಯಲ್ಲಿ ಕೊಯ್ಯಬೇಕು. ಆಮೇಲೆ ಮರಿಗೆ ಅವನ ಅಂಗಿ, ಅವನ ಮುಂಡಾಸು, ಅವನ ಚಪ್ಪಲಿ, ಕಣ್ಣಿಗೆ ಕಾಡಿಗೆ. ಅದರ ಹೆಸರೂ ಅವನದೇ. “ಇವನು ಸತ್ತ” ಎಂದು ಸಾರಬೇಕು. ಊರು ಅಳಬೇಕು. ಕೆಳಗಿನವಳು ನಂಬಬೇಕು.

ನಮ್ಮ ವೈದ್ಯನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆ ಸಂಜೆ ನಾನು ನೋಡಲು ಹೋದಾಗ ಜ್ವರದ ಮಂಪರಿನಲ್ಲೇ ಕಣ್ಣು ಬಿಟ್ಟ. ಮರಿ ಅವನ ಕಂಬಳಿಯ ಅಂಚು ಮೆಲ್ಲುತ್ತಿತ್ತು.

“ನೋಡೋ ಶಲ್ಲೂರು,” ಎಂದ, “ನನ್ ಬದಲು ಹೋಗೋನು ಈಗ್ಲೇ ನನ್ ಆಸ್ತಿ ತಿನ್ನೋಕೆ ಶುರು ಮಾಡಿದಾನೆ.”

ಮರುದಿನ ನಾನು ಅತ್ತೆ. ಮಹಾಜನರೇ, ಅದು ನನ್ನ ಬಾಳಿನ ಅತಿ ದೊಡ್ಡ ಆಟ! ಚಪ್ಪಲಿ ತೊಟ್ಟ ಮೇಕೆಯನ್ನು ಹೊತ್ತು ಪಡುವಣ ದಂಡೆಯವರೆಗೆ ಮೆರವಣಿಗೆ. ಮುಂಡಾಸಿನ ಎರಡೂ ಬದಿಗೆ ಕಿವಿ ಇಣುಕುತ್ತಿದ್ದವು. ನಾನು ಅದನ್ನು ನೋಡದೆ ಆಕಾಶ ನೋಡಿದೆ. ಅವನ ಹೆಸರು ಕರೆದೆ, ಅವನ ಅಪ್ಪನ ಹೆಸರು ಕರೆದೆ, ಕೇರಿಯ ಹೆಸರು ಕರೆದೆ. “ಇಸಿನ್ನಿನ ಕೈ ಮುರಿಯಿತು! ಗುಲಾಳ ನಾಯಿಗಳು ತಬ್ಬಲಿಯಾದವು!” — ನಗಬೇಡಿ. ಆ ದಿನ ನೀವು ನಗಲಿಲ್ಲ. ವಿಷಯ ಗೊತ್ತಿದ್ದವರೂ ಅತ್ತಿರಿ. ಹೆಂಡದ ಅಂಗಡಿಯ ಬೆಲ್ತಾನಿ ಅಜ್ಜಿ ಮೂರ್ಛೆ ಹೋದಳು. ಮೂರ್ಛೆಯಿಂದ ಎದ್ದು, “ಮೇಕೆ ಅಂತ ಗೊತ್ತಿತ್ತು ಕಣೋ, ಆದ್ರೂ ತಡ್ಕೊಳಕ್ ಆಗ್ಲಿಲ್ಲ,” ಎಂದಳು. ಅಲ್ಲವೇ ಅಜ್ಜಿ?

ತಬ್ಬಲಿಯಾದವು ಎಂದೆನಲ್ಲ, ಆ ನಾಯಿಗಳು! ಮಣ್ಣು ಮುಚ್ಚುವ ಮೊದಲೇ ಗುಂಡಿಗೆ ಇಳಿದವು. ಅವಕ್ಕೆ ಮುಂಡಾಸು ಕಾಣಲಿಲ್ಲ, ಮಾಂಸದ ವಾಸನೆ ಕಂಡಿತು. ಇಪ್ಕೂಶರು ಒಂದು ಕೈಯಲ್ಲಿ ಮಂತ್ರದ ಬೂದಿ, ಇನ್ನೊಂದು ಕೈಯಲ್ಲಿ ಕೋಲು. ನಾನು ಎದೆ ಬಡಿದುಕೊಳ್ಳುತ್ತಲೇ ಒಂದು ನಾಯಿಯ ಬಾಲ ಹಿಡಿದು — ಹೀಗೆ — ಹಾಡು ನಿಲ್ಲಿಸದೆ, ಒಂದು ಅಕ್ಷರವೂ ಬಿಡದೆ! ಕೊನೆಗೆ ಮಣ್ಣು ಬಿತ್ತು. ಬಿಸಿ ಗಂಜಿ, ನೀರು, ಜವೆಯ ಹೆಂಡ ಎರೆದೆವು. ಎರೆಶ್ಕಿಗಲ್ ನಂಬಿದಳು.

ನಮ್ಮ ವೈದ್ಯ ಆಗ ಎಲ್ಲಿದ್ದ? ಈ ಗುಡಿಯ ಹಿಂದಿನ ಕೋಣೆಯಲ್ಲಿ. ಗೋಡೆಯ ಆಚೆಯಿಂದ ತನ್ನ ಸಾವಿನ ಹಾಡು ತಾನೇ ಕೇಳುತ್ತ ಬೆವರಿದ. ಬೆವರಿ ಜ್ವರ ಬಿಟ್ಟಿತು. ಎದ್ದು ಕೂತವನು ನನಗೆ ಹೇಳಿದ ಮೊದಲ ಮಾತು ಏನು ಗೊತ್ತೇ?

“ಎರಡನೇ ಚರಣದಲ್ಲಿ ಶ್ರುತಿ ಬಿಟ್ಟೆಯಲ್ಲೋ! ಮತ್ತೆ — ನಾನು ಉದಾರಿ ಅಂತ ಹಾಡಿದೆ. ನಾನ್ ಯಾವತ್ತೋ ಉದಾರಿ ಆಗಿದ್ದೆ? ಕೆಳಗಿನವಳು ವಿಚಾರಿಸಿದ್ರೆ ಸಿಕ್ಕಿ ಬೀಳಲ್ವೇನೋ?”

ಅಂದಿನಿಂದ ಅವನಿಗೆ ಅದೊಂದು ತಮಾಷೆಯಾಯಿತು. ಯಾರಾದರೂ ಹೆಸರು ಹಿಡಿದು ಕರೆದರೆ, “ಅವನು ಸತ್ತು ಬಹಳ ಕಾಲ ಆಯ್ತು. ನಾನು ಅವರ ಮನೆ ಮೇಕೆ. ಏನಾಗ್ಬೇಕು?” ಎನ್ನುತ್ತಿದ್ದ. ಮನೆಯ ಬಾಗಿಲಲ್ಲಿ ನಿಂತು ಮೇಕೆಯ ಹಾಗೆ ಕೂಗಿದರೆ ಅತ್ತಿಗೆ ಒಳಗಿನಿಂದ, “ಬಾ, ಹುಲ್ಲು ಬೆಂದಿದೆ,” ಎನ್ನುತ್ತಿದ್ದರು. ಬೆಲ್ತಾನಿ ಅಜ್ಜಿಯ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಗಡಿಗೆಗೆ ಜೊಂಡಿನ ಕೊಳವೆ ಇಳಿಸಿ ಹೆಂಡ ಹೀರುತ್ತಿದ್ದಾಗ ಹೇಳುತ್ತಿದ್ದ: “ಚೆನ್ನಾಗಿ ಹೀರೋದು ಕಲಿ. ಸತ್ತ ಮೇಲೂ ಕೊಳವೆಯಲ್ಲೇ ಕುಡೀಬೇಕು. ನೆಲದ ಮೇಲೆ ಅವರು ಎರೆಯೋದು, ಕೆಳಗೆ ನಾವು ಬಾಯಿ ಒಡ್ಡೋದು.”

ಅವನು ಬಾಯಾರಿಕೆಯ ಮನುಷ್ಯ. ಇದನ್ನು ನೆನಪಿಡಿ. ಈ ಮಾತು ಮುಂದೆ ಬರುತ್ತದೆ.

ಮೊನ್ನೆ ಆ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳ ಸುಟ್ಟ ಕೈಗೆ ಬಟ್ಟೆ ಸುತ್ತುತ್ತಿದ್ದ. ಗಂಟು ಹಾಕುವಾಗ ಬೆರಳು ನಿಂತಿತು. ತೂಕಡಿಸಿದನೆಂದು ಆಕೆ ಸುಮ್ಮನೆ ಕೂತಳು. ನಾನೂ ಹಾಗೇ ಅಂದುಕೊಂಡೆ. ನಾಯಿಗಳಿಗೆ ಮಾತ್ರ ಮೊದಲೇ ಗೊತ್ತಾಯಿತು. ಮೇಕೆಯ ಗುಂಡಿಗೆ ಇಳಿದಿದ್ದ ಆ ನಾಯಿಗಳು — ಇವನ ಸುತ್ತ ಮಲಗಿ ಮೂತಿಯನ್ನು ಕಾಲಿನ ಮೇಲೆ ಇಟ್ಟವು.

ನಾನು ಬೀದಿಗೆ ಓಡಿದೆ. “ವೈದ್ಯ ಹೋದ!” ಎಂದು ಕೂಗಿದೆ. ಮಹಾಜನರೇ, ನೀವು ಏನೆಂದಿರಿ? ಹೇಳಲೇ?

“ಈ ಸಲಾನೂ ಮೇಕೆನಾ?”

ಮೀನಿನವನು ತಲೆಯನ್ನೇ ಎತ್ತಲಿಲ್ಲ. “ಹೋದ್ಸಲ ಅತ್ತಿದ್ದಕ್ಕೆ ಎರಡ್ ದಿನ ದನಿ ಬಂದಿರಲಿಲ್ಲ. ಈ ಸಲ ನಿನ್ ಆಟಕ್ಕೆ ನಾನ್ ಬರಲ್ಲ ಹೋಗು,” ಎಂದ. ಇನ್ನೊಬ್ಬಳು, “ಮುಂಡಾಸು ಸರಿಯಾಗಿ ಕಟ್ರೋ, ಕಿವಿ ಕಾಣತ್ತೆ,” ಎಂದು ನಕ್ಕಳು. ನಾನು ಅಳತೊಡಗಿದೆ. ಅತ್ತಷ್ಟೂ ನೀವು ನಕ್ಕಿರಿ. ಎಷ್ಟು ಚೆನ್ನಾಗಿ ಮಾಡ್ತಾನೆ ನೋಡಿ ಎಂದಿರಿ. ತಪ್ಪು ನಿಮ್ಮದಲ್ಲ. ನನಗೇ ಒಂದು ಗಳಿಗೆ ಹಿಂದಿನ ಕೋಣೆಗೆ ಹೋಗಿ ನೋಡೋಣ ಎನ್ನಿಸಿತು. ಹೋಗಿ ನೋಡಿಯೂ ನೋಡಿದೆ. ಅಲ್ಲಿ ಯಾರೂ ಬೆವರುತ್ತ ಕುಳಿತಿರಲಿಲ್ಲ.

ಅವನ ಮನೆಯ ನೆಲದಡಿಯಲ್ಲೇ, ಅವನ ಅಪ್ಪನ ಪಕ್ಕ, ಮಲಗಿಸಿದೆವು. ಮಣ್ಣಿನ ಕೊಳವೆ ನೆಟ್ಟೆವು. ಪುಝುರ ತಣ್ಣನೆಯ ನೀರಿನ ಹೂಜಿ ಎತ್ತಿಕೊಂಡು ಕೊಳವೆಯ ಮುಂದೆ ಮಂಡಿಯೂರಿದ. ಮಗ ಹೆಸರು ಕರೆದು ನೀರು ಎರೆಯಬೇಕು. ಯಾರ ಹೆಸರು ಕರೆಯುತ್ತಾರೋ ಆ ಬಾಯಿಗೆ ನೀರು ಬೀಳುತ್ತದೆ. ಹುಡುಗ ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಬೆಲ್ತಾನಿ ಅಜ್ಜಿ ಎರಗಿ ಬಂದು ಅವನ ಬಾಯಿ ಮುಚ್ಚಿದಳು.

“ಕರೀಬೇಡ್ವೋ ಹುಚ್ಚಪ್ಪಾ! ಆ ಹೆಸರಲ್ಲಿ ಮೇಕೆ ಕೂತಿದೆ!”

— ಹೌದು. ಪುಝುರ ಹೂಜಿಯನ್ನು ಹಾಗೇ ಕೆಳಗಿಟ್ಟ.

ಪಾತಾಳದ ಬಾಗಿಲಲ್ಲಿ ಒಬ್ಬ ನಿಂತಿದ್ದಾನಲ್ಲ, ದ್ವಾರಪಾಲಕ? ಅವನ ಹೆಸರೇ ‘ಬಿಡು’. ಹೆಸರೇನೋ ಬಿಡು; ಬಿಡುವ ಬುದ್ಧಿ ಮಾತ್ರ ಅವನಿಗಿಲ್ಲ. ನಮ್ಮ ವೈದ್ಯ ಅಲ್ಲಿಗೆ ಹೋಗಿ ಹೆಸರು ಹೇಳುತ್ತಾನೆ. ಬಿಡು ಹುಬ್ಬು ಗಂಟು ಹಾಕುತ್ತಾನೆ. “ಆ ಹೆಸರಿನವನು ಬಂದು ಎಷ್ಟೋ ವರ್ಷ ಆಯ್ತಲ್ಲ. ಒಳಗೆ ಕೂತು ಕಂಬಳಿ ಮೆಲ್ತಾ ಇದಾನೆ. ನೀನ್ಯಾರು?” ಎನ್ನುತ್ತಾನೆ. ಇವನು ಏನು ಹೇಳಬೇಕು? ತನ್ನ ಹಳೆಯ ತಮಾಷೆಯನ್ನೇ ಹೇಳುತ್ತಾನೆಯೇ? ‘ನಾನು ಅವರ ಮನೆ ಮೇಕೆ’ ಎನ್ನುತ್ತಾನೆಯೇ? ಇಲ್ಲಿ ಮಗ ಹೆಸರು ಕರೆದು ನೀರು ಎರೆದರೆ ಒಳಗಿನ ಮೇಕೆ ಕುಡಿಯುತ್ತದೆ. ಹೊರಗೆ ನಿಂತವನ ನಾಲಿಗೆ ಒಣಗುತ್ತದೆ. ಬಾಯಾರಿಕೆಯ ಮನುಷ್ಯ ಎಂದೆನಲ್ಲ — ಇದಕ್ಕೇ ಹೇಳಿದ್ದು. ಹೂಜಿ ಮೊನ್ನೆಯಿಂದ ತುಂಬಿದ ಹಾಗೇ ಕೊಳವೆಯ ಪಕ್ಕ ಕೂತಿದೆ. ಇಲ್ಲಿಗೆ ಬರುವವರೆಗೂ ಅತ್ತಿಗೆ ಅದರ ಪಕ್ಕ ಕೂತು ಕೇಳುತ್ತಿದ್ದುದು ಒಂದೇ ಮಾತು: “ಅವರು ಕುಡಿದ್ರಾ? ಯಾರಾದ್ರೂ ಹೇಳಿ. ಕುಡಿದ್ರಾ ಇಲ್ವಾ?”

ಇಪ್ಕೂಶರನ್ನು ಕೇಳಿದೆ. “ಸ್ವಾಮಿ, ಬದಲಿ ಕೊಟ್ಟವರೆಲ್ಲ ಸತ್ತಾಗ ಏನು ಮಾಡ್ತೀರಿ?”

ಅವರು ಗಡ್ಡ ಕೆರೆದುಕೊಂಡರು. “ಏನ್ ಮಾಡೋದಪ್ಪಾ... ಇಲ್ಲೀವರೆಗೆ ಬದಲಿ ಕೊಟ್ಟ ಮೇಲೆ ಯಾರೂ ಬದುಕಿರಲಿಲ್ಲ.”

“ಅಂದ್ರೆ?”

“ಮೇಕೆನೂ ಹೋಗೋದು, ಹಿಂದೇನೇ ಮನುಷ್ಯಾನೂ ಹೋಗೋನು. ಅತ್ತಿದ್ದು ಇಬ್ರಿಗೂ ಸಾಕಾಗೋದು. ಇವನೊಬ್ಬನೇ ಬದುಕಿದ್ದು. ಬದುಕಿದವನನ್ನ ಏನ್ ಮಾಡ್ಬೇಕು ಅಂತ ನಮ್ ಗುರುಗಳು ಹೇಳ್ಕೊಡಲೇ ಇಲ್ಲ!”

ಇಪ್ಕೂಶರೇ, ಸಭೆಯಲ್ಲಿ ಹೇಳಿದೆನೆಂದು ಸಿಟ್ಟಾಗಬೇಡಿ. ನಿಮ್ಮ ಮಂತ್ರ ಒಮ್ಮೆ ಫಲಿಸಿತು. ಫಲಿಸಿದ್ದೇ ಈಗ ತೊಡಕು.

ಮೂರು ಹೊತ್ತೂ ಯೋಚಿಸಿದೆ. ಯೋಚಿಸಿದಷ್ಟೂ ತಲೆ ಗಿರ್ರೆಂದಿತು. ಅಂದು ಪಾತಾಳಕ್ಕೆ ಹೋದವನು ನಮ್ಮ ವೈದ್ಯನೇ ಆದರೆ, ಇಷ್ಟು ವರ್ಷ ನಮ್ಮ ಮೂಳೆ ಕೂಡಿಸಿದ್ದು ಯಾರು? ಮೇಕೆಯೇ? ದೋಣಿಯವನೇ, ನಿನ್ನ ಭುಜ ಕೂಡಿಸಿದ್ದು ಜ್ವರಕ್ಕೆ ಮೊದಲೋ ಆಮೇಲೋ? — ನೆನಪಿಲ್ಲವೇ? ನನಗೂ ಇಲ್ಲ. ಅವನು ಅವನೇ ಆಗಿದ್ದ ಎಂದರೆ, ಅಂದು ನಾನು ಅತ್ತಿದ್ದೆಲ್ಲ ಬರೀ ವೇಷ. ಅಂದಿನದು ನಿಜವಾದ ಅಳು ಎಂದರೆ, ಇಂದು ಅಳಲು ನನ್ನಲ್ಲಿ ಏನು ಉಳಿದಿದೆ? ಅವನ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತನ್ನೆಲ್ಲ ಮೇಕೆಯ ಮುಂದೆ ಹೇಳಿ ಮುಗಿಸಿಬಿಟ್ಟಿದ್ದೇನೆ. ಇಸಿನ್ನಿನ ಕೈ ಮುರಿಯಿತು ಎಂದು ಈಗ ಹಾಡಿದರೆ ನೀವೇ, “ಇದು ಹಳೇದು,” ಎನ್ನುತ್ತೀರಿ.

ಯಾರ ಹತ್ತಿರ ಹೋಗಿ ಬೇಡಲಿ? ಗುಲಾ ತಾಯಿಯ ಹತ್ತಿರವೇ? ಅವಳು ಬದುಕಿಸುವವಳು, ಸತ್ತವನ ನೀರಿನ ವಿಷಯ ಅವಳ ಬಾಗಿಲಲ್ಲಿ ನಡೆಯುವುದಿಲ್ಲ. ಎರೆಶ್ಕಿಗಲ್ ಹತ್ತಿರವೇ? ಅವಳಿಗೆ ಮೋಸ ಮಾಡಿದವರೇ ನಾವು. ಇನ್ನೂ ಒಂದು ಗೊಂದಲ ಕೇಳಿ. ಆ ಎರೆಶ್ಕಿಗಲ್‌ಳ ಮಗ ನಿನಾಝು — ಅವನ ಹೆಸರಿನ ಅರ್ಥವೇ ವೈದ್ಯರ ಒಡೆಯ! ಎಲ್ಲರೂ ಸತ್ತೇ ಇರುವ ಮನೆಯಲ್ಲಿ ವೈದ್ಯನಿಗೆ ಏನು ಕೆಲಸ? ಒಮ್ಮೆ ಇದನ್ನು ನಮ್ಮ ವೈದ್ಯನಿಗೇ ಕೇಳಿದ್ದೆ.

“ಯಾಕಪ್ಪಾ, ಸತ್ತೋರಿಗೆ ನೋವಿರಲ್ವಾ?” ಎಂದಿದ್ದ. “ಮುರಿದ ಮೂಳೆ ಇಟ್ಕೊಂಡೇ ಎಷ್ಟು ಜನ ಕೆಳಗೆ ಇಳಿದಿರ್ತಾರೆ! ನನಗೆ ಅಲ್ಲೂ ಕೈತುಂಬಾ ಕೆಲಸ ಇದೆ ಕಣೋ. ಬಾಗಿಲು ದಾಟಿದ್ರೆ ಸಾಕು.”

ಬಾಗಿಲು ದಾಟಿದರೆ ಸಾಕು. ಅದೇ ಬಾಗಿಲಲ್ಲಿ ಅವನೀಗ ನಿಂತಿದ್ದಾನೆ, ಮಹಾಜನರೇ! ಬಟ್ಟೆಯ ಸುರುಳಿ ಕಂಕುಳಲ್ಲಿ ಹಿಡಿದು, ಒಣಗಿದ ತುಟಿ ಸವರಿಕೊಳ್ಳುತ್ತ. ಒಳಗೆ ಅವನ ಜಾಗದಲ್ಲಿ ಒಂದು ಮರಿ, ಮುಂಡಾಸು ಕಟ್ಟಿಕೊಂಡು, ಯಾಕೆ ಬಂದೆನೆಂದೂ ತಿಳಿಯದೆ, ತನ್ನದಲ್ಲದ ಹೆಸರಿಗೆ ಓಗೊಡುತ್ತ...

— ನಿಲ್ಲಿ. ಒಂದು ನಿಮಿಷ ನಿಲ್ಲಿ.

ತನ್ನದಲ್ಲದ ಹೆಸರು. ಹಾಗಾದರೆ ತನ್ನದು ಎಂಬ ಹೆಸರು ಅದಕ್ಕೆ ಇತ್ತೇ? ಆ ಮರಿಗೆ? ಯಾರಾದರೂ ಅದನ್ನು ಏನಾದರೂ ಎಂದು ಕರೆಯುತ್ತಿದ್ದರೇ? ಅಜ್ಜೀ? ಇಪ್ಕೂಶರೇ? ಪುಝುರ, ನೀನು ಆಗ ಊರಲ್ಲಿರಲಿಲ್ಲ ಅಲ್ಲವೇ...

ಏನಂದಿರಿ ಅತ್ತಿಗೆ? ಸುಮ್ಮನಿರಿ, ಎಲ್ಲ ಸುಮ್ಮನಿರಿ! ಇನ್ನೊಮ್ಮೆ ಹೇಳಿ.

ಲಾಲಿ.

ಕೇಳಿಸಿತೇ? ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಅತ್ತಿಗೆ ಹೇಳುತ್ತಿದ್ದಾರೆ: “ನಮ್ಮನೇಲೇ ಹುಟ್ಟಿದ ಮರಿ. ತಾಯಿ ಹಾಲು ಕೊಡ್ಲಿಲ್ಲ. ಬಟ್ಟೆ ಅದ್ದಿ ಅದ್ದಿ ನಾನೇ ಕುಡಿಸಿದ್ದೆ. ಲಾಲಿ ಅಂತ ಕರೀತಿದ್ದೆ. ಅವತ್ತು ಅವರು ಬದುಕಿದ್ರಲ್ಲ ಅನ್ನೋ ಸಂತೋಷದಲ್ಲಿ ಅದಕ್ಕೆ ಅಳೋಕೇ ಆಗ್ಲಿಲ್ಲ ನನಗೆ. ನೀವೆಲ್ಲ ಅಳ್ತಿದ್ರಿ. ಅದಕ್ಕೋಸ್ಕರ ಯಾರೂ ಅಳ್ಲಿಲ್ಲ.”

ಯಾರೂ ಅಳಲಿಲ್ಲ.

ಇಡೀ ಇಸಿನ್ ಎದೆ ಬಡಿದುಕೊಂಡ ಆ ದಿನ ನಿಜವಾಗಿ ಸತ್ತದ್ದು ಒಂದೇ ಒಂದು ಜೀವ. ಅದರ ಹೆಸರನ್ನು ನಾವು ಒಂದು ಸಲವೂ ಎತ್ತಲಿಲ್ಲ. ತನ್ನ ಹೆಸರನ್ನು ಯಾರೂ ಕರೆಯದೆ ಅದಕ್ಕೆ ಕೂರಲು ಬೇರೆ ಜಾಗವಿರಲಿಲ್ಲ. ನಾವು ಕೊಟ್ಟ ಹೆಸರಿನಲ್ಲಿ ಕೂತಿತು. ಅದರ ಹೆಸರಿನಲ್ಲೇ ಕರೆದರೆ? ಅದಕ್ಕೇ ಎಂದು ಅತ್ತು, ಅದಕ್ಕೇ ಎಂದು ನೀರು ಎರೆದರೆ? ಅದು ಎದ್ದು ತನ್ನ ಜಾಗಕ್ಕೆ ಹೋಗುತ್ತದೆ. ಆಗ ಅವನ ಹೆಸರು ಖಾಲಿಯಾಗುತ್ತದೆ. ಅಲ್ಲವೇ ಇಪ್ಕೂಶರೇ? ಆಗುತ್ತದೆಯೇ?

“ಆಗ್ಬಹುದು. ಆಗ್ದೇನೂ ಇರ್ಬಹುದು” ಎನ್ನುತ್ತಿದ್ದಾರೆ. ಮತ್ತೇನೋ ಎನ್ನುತ್ತಿದ್ದಾರೆ — “ಮೋಸ ಮಾಡಿದ್ವಿ ಅಂತ ನಾವೇ ಹೋಗಿ ಎರೆಶ್ಕಿಗಲ್‌ಗೆ ಹೇಳ್ದ ಹಾಗಾಗತ್ತಲ್ಲೋ! ಅವಳು ಸುಮ್ನೆ ಬಿಡ್ತಾಳಾ?”

ಆ ಭಯ ನನಗೂ ಇದೆ. ಇದು ವೇಷವಲ್ಲ. ಆದರೂ ಯೋಚಿಸಿ. ಅವಳು ಕೇಳಿದ್ದು ಒಬ್ಬನನ್ನು, ಸಿಕ್ಕಿದ್ದು ಇಬ್ಬರು. ಅವಳಿಗೇನು ನಷ್ಟ? ಅಷ್ಟಕ್ಕೂ ಸಿಟ್ಟು ಬಂದರೆ ನನ್ನ ದನಿ ಅವಳಿಗೆ ಪರಿಚಯವಿದೆ. ನಾನು ಅಲ್ಲಿಗೆ ಹೋಗುವ ದಿನವೂ ಬಹಳ ದೂರವಿಲ್ಲ. ಹೋದಾಗ ನಾನೇ ಮುಂದೆ ನಿಂತು ಉತ್ತರ ಹೇಳುತ್ತೇನೆ. ನಿಮ್ಮ ಹೆಸರು ಎತ್ತುವುದಿಲ್ಲ ಇಪ್ಕೂಶರೇ.

ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಈ ಸಭೆಗೆ ಬರುವಾಗಲೂ ಏನು ಹೇಳಬೇಕೆಂದು ತಿಳಿದಿರಲಿಲ್ಲ, ಈಗಲೂ ಅರ್ಧ ತಿಳಿದಿದೆ, ಅರ್ಧ ಇಲ್ಲ. ಒಂದು ಮಾತ್ರ ಗೊತ್ತು: ನಾಳೆಯ ದಿನವೂ ಹೂಜಿಯನ್ನು ತುಂಬಿದ ಹಾಗೇ ಇಟ್ಟುಕೊಂಡು ಅತ್ತಿಗೆಯ ಮುಖ ನೋಡಲು ನನ್ನಿಂದ ಆಗದು.

ಈಗ ಎಲ್ಲರೂ ಎದ್ದು ನಿಲ್ಲಿರಿ. ಗೋಡೆಯ ಮೇಲಿದ್ದವರು ಇನ್ನಾದರೂ ಇಳಿಯಿರಿ. ಅಜ್ಜೀ, ಪುಝುರನ ತೋಳು ಹಿಡಿದುಕೋ. ಬಾಯಿ ಮುಚ್ಚಿರಿ. ಅವನ ಹೆಸರು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ, ಬರಲಿ. ಅಲ್ಲೇ ತಡೆದು ಹಿಡಿಯಿರಿ. ಇಸಿನ್ನಿನಲ್ಲಿ ಇಷ್ಟು ಜನ ಸೇರಿ ಇಷ್ಟು ಮೌನವಾಗಿ ಯಾರಿಗೂ ನಿಂತಿರಲಿಲ್ಲ ಎನ್ನುವಂತೆ ನಿಲ್ಲಿರಿ.

ನಾಳೆ ಬೆಳಿಗ್ಗೆ, ಎಳೆಬಿಸಿಲು ಕಾಲುವೆಯ ನೀರಿಗೆ ಬೀಳುತ್ತಿದ್ದಂತೆ, ನಾನು ಪಡುವಣ ದಂಡೆಗೆ ಹೋಗುತ್ತೇನೆ. ಮಂಡಿಯೂರಿ, ನೆಲಕ್ಕೆ ಬಾಯಿಟ್ಟು, ಲಾಲಿ ಎಂದು ಕರೆದು, ಬಟ್ಟೆ ಅದ್ದಿ ಹಾಲು ಹಿಂಡುತ್ತೇನೆ. ಈ ಗಂಟಲಿನಿಂದ ಯಾರೂ ಕೇಳಿರದಷ್ಟು ಮೆಲ್ಲಗೆ ಅಳುತ್ತೇನೆ. ಆಮೇಲೆ ಓಡೋಡಿ ಬಂದು ಪುಝುರನ ಪಕ್ಕ ನಿಲ್ಲುತ್ತೇನೆ. ಅವನು ಹೂಜಿ ಬಗ್ಗಿಸಿ ಅಪ್ಪನ ಹೆಸರು ಕರೆಯುತ್ತಾನೆ. ಅವನ ದನಿ ನಡುಗಿದರೆ ನಾನು ಕರೆಯುತ್ತೇನೆ — ಆಚೆ ದಡದ ಕತ್ತೆಗಳೆಲ್ಲ ಎದ್ದು ನಿಲ್ಲುವ ಹಾಗೆ.